ಮನಃಶಾಂತಿಗೆ ಉಸಿರಿನ ದಾರಿ: ಹೊಸದಾಗಿ ಧ್ಯಾನ ಕಲಿಯುವವರಿಗೆ ಬುದ್ಧನ ಪಾಠ

ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಹರಕೆಗಳು ನಾನಾ ಬಗೆ. ಒಬ್ಬರಿಗೆ ಮಗಳ ಮದುವೆ ಕೂಡಿ ಬರಬೇಕು, ಒಬ್ಬರಿಗೆ ಮಗನಿಗೆ ನೌಕರಿ ಆಗಬೇಕು, ಇನ್ನೊಬ್ಬರ ಬೋರ್‌ವೆಲ್‌ಗೆ ನೀರು ಬೀಳಬೇಕು. ಆದರೆ ಎಲ್ಲ ಬೇಡಿ ಮುಗಿದ ಮೇಲೆ ಕೊನೆಗೆ ಬಾಯಿಗೆ ಬರುವ ಮಾತು ಬಹುತೇಕ ಒಂದೇ: "ಮನಸ್ಸಿಗೆ ಒಂದಿಷ್ಟು ಸಮಾಧಾನ ಕೊಡಪ್ಪಾ." ಬೆಟ್ಟದ ಮೇಲೆ ತಂಪು ಗಾಳಿ ಇದೆ, ಗಂಟೆಯ ನಾದ ಇದೆ, ಸಮಾಧಾನ ಸಿಕ್ಕೇ ಸಿಗುತ್ತದೆ. ಬಸ್ಸು ಹತ್ತಿ ಊರಿಗೆ ಹೋಗಿ ಮನೆಯ ಬಾಗಿಲು ತೆಗೆದ ಮೇಲೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಪ್ರಶ್ನೆ.

ಸಮಾಧಾನವನ್ನು ಪ್ರಸಾದದ ಹಾಗೆ ಕಟ್ಟಿಕೊಂಡು ಹೋಗಲು ಬರುವುದಿಲ್ಲ. ಅದು ರೊಟ್ಟಿ ಇದ್ದಂತೆ, ಮನೆಯಲ್ಲಿ ದಿನಾ ಬಡಿಯಬೇಕು. ಬಡಿಯುವ ಕೈಚಳಕವನ್ನು ಯಾರಾದರೂ ಒಮ್ಮೆ ತೋರಿಸಿಕೊಡಬೇಕು, ಅಷ್ಟೆ. ಸುಮಾರು 2500 ವರ್ಷಗಳ ಹಿಂದೆ ಗೌತಮ ಬುದ್ಧ ಅದನ್ನು ತೋರಿಸಿಕೊಟ್ಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬರುವ ಯಾತ್ರಿಕರಿಗೆ ಆ ಪಾಠದ ಮೊದಲ ಮೆಟ್ಟಿಲನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ಜಾತಿ, ಮತ ಬದಲಿಸಬೇಕಾಗಿಲ್ಲ, ಮನೆದೇವರನ್ನು ಬಿಡಬೇಕಾಗಿಲ್ಲ. ಉಸಿರು ಎಲ್ಲರಿಗೂ ಒಂದೇ.

ನೇರಳೆ ಮರದ ನೆರಳು

ಸಿದ್ಧಾರ್ಥ 29ನೇ ವಯಸ್ಸಿನಲ್ಲಿ ಮನೆ ಬಿಟ್ಟ. ಆರು ವರ್ಷ ಕಠಿಣ ತಪಸ್ಸು ಮಾಡಿದ. ಉಸಿರು ಕಟ್ಟಿದ, ಊಟ ಬಿಟ್ಟ, ಬೆನ್ನೆಲುಬು ಹೊಟ್ಟೆಗೆ ಹತ್ತುವಷ್ಟು ಸೊರಗಿದ. ಆದರೂ ಬೇಕಾದದ್ದು ಸಿಗಲಿಲ್ಲ. ಆಗ ಅವನಿಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು. ತಂದೆ ಶುದ್ಧೋದನ ಹೊಲದ ಕೆಲಸದಲ್ಲಿದ್ದ. ಬಿತ್ತನೆಯ ಹಬ್ಬದ ದಿನ ಅದು ಎಂದು ಬೌದ್ಧ ಪರಂಪರೆ ಹೇಳುತ್ತದೆ. ಹುಡುಗ ಒಬ್ಬನೇ ನೇರಳೆ ಮರದ ತಂಪು ನೆರಳಿನಲ್ಲಿ ಕುಳಿತಿದ್ದ. ಯಾರೂ ಕಲಿಸದೆ ಅವನ ಮನಸ್ಸು ತಾನಾಗಿ ನಿಂತಿತ್ತು, ಒಳಗೆ ಒಂದು ಸುಖ ಹುಟ್ಟಿತ್ತು.

ಆ ಸುಖ ಯಾರದನ್ನೂ ಕಸಿದುಕೊಂಡದ್ದಲ್ಲ, ಯಾವ ಚಟದಿಂದ ಬಂದದ್ದೂ ಅಲ್ಲ. ಅಂಥ ಸುಖಕ್ಕೆ ಅಂಜುವುದೇಕೆ ಎಂದು ಸಿದ್ಧಾರ್ಥ ಯೋಚಿಸಿದ. ಉಪವಾಸ ಮುರಿದು ಆಹಾರ ತೆಗೆದುಕೊಂಡ. ಅರಳಿ ಮರದ ಕೆಳಗೆ ಕುಳಿತ. 35ನೇ ವಯಸ್ಸಿಗೆ ಬುದ್ಧನಾದ. ಈ ಸಂಗತಿ ಪಾಳಿ ಭಾಷೆಯ ಮಜ್ಝಿಮ ನಿಕಾಯದಲ್ಲಿದೆ.

ಹೊಸಬರು ಇದರಿಂದ ಎರಡು ಮಾತು ತಿಳಿಯಬೇಕು. ಒಂದು, ಧ್ಯಾನ ಎಂದರೆ ಶರೀರವನ್ನು ದಂಡಿಸುವುದಲ್ಲ. ಎರಡು, ಅದು ಪಂಡಿತರಿಗೆ ಮಾತ್ರ ಸೇರಿದ್ದೂ ಅಲ್ಲ. ಹೊಲದ ಬದುವಿನ ಮೇಲೆ ಮರದ ನೆರಳಿಗೆ ಕುಳಿತ ಒಬ್ಬ ಹುಡುಗನಿಗೂ ಅದು ದಕ್ಕಿತ್ತು.

ಈ ನಾಡಿಗೆ ಬುದ್ಧ ಹೊಸಬನಲ್ಲ

ಬುದ್ಧನ ಮಾತು ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಶೋಕ ಚಕ್ರವರ್ತಿಯ ಶಾಸನಗಳು ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಇಂದಿಗೂ ಇವೆ. ರಕ್ಖಿತ ಎಂಬ ಭಿಕ್ಷು ವನವಾಸಿಗೆ, ಅಂದರೆ ಬನವಾಸಿ ಸೀಮೆಗೆ ಧರ್ಮ ಹೇಳಲು ಬಂದ ಎಂದು ಸಿಂಹಳದ ಮಹಾವಂಸ ಬರೆದಿದೆ. ಐಹೊಳೆಯ ಮೇಗುತಿ ಗುಡ್ಡದಲ್ಲಿ ಬೌದ್ಧರ ಗುಡಿ ಇದೆ. ಗದಗ ಜಿಲ್ಲೆಯ ಡಂಬಳದಲ್ಲಿ ಕ್ರಿ.ಶ. 1095ರ ಹೊತ್ತಿಗೂ ತಾರಾದೇವಿಯ ಬೌದ್ಧ ವಿಹಾರ ಇತ್ತೆಂದು ಶಾಸನ ಹೇಳುತ್ತದೆ. ಆ ಮೇಲೆ ಬೌದ್ಧರ ಹೆಸರು ಈ ಕಡೆ ಕಡಿಮೆಯಾಯಿತು.

ಮತ್ತೆ ಆ ಹೆಸರನ್ನು ಜನರ ಮನೆಗೆ ತಂದವರು ಡಾ. ಬಾಬಾಸಾಹೇಬ ಅಂಬೇಡ್ಕರರು. ಅವರು 1925ರಲ್ಲಿ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 31 ವರ್ಷಗಳ ಬಳಿಕ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧ ದೀಕ್ಷೆ ಪಡೆದರು. ಈ ಭಾಗದ ಹಿರಿಯರು ಆಗಿ ಹುಣ್ಣಿಮೆ ಎಂದು ಕರೆಯುವ ವೈಶಾಖ ಹುಣ್ಣಿಮೆಯೇ ಬುದ್ಧ ಪೂರ್ಣಿಮೆ.

ಸುಮ್ಮನೆ ಕುಳಿತು ಒಳಗೆ ನೋಡುವ ಅಭ್ಯಾಸವೂ ಇಲ್ಲಿ ಹೊಸದಲ್ಲ. ಜೈನ ಶ್ರಾವಕರು ಸಾಮಾಯಿಕಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಕೂರುತ್ತಾರೆ. ಭೋಜ ಗ್ರಾಮದ ಸೀಮೆಯಲ್ಲಿ ಹುಟ್ಟಿ ಬೆಳೆದ ಆಚಾರ್ಯ ಶಾಂತಿಸಾಗರರು (1872-1955) ಈ ಭಾಗದವರೇ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836-1921) ಶಿವಯೋಗ ಸಾಧನೆಯಿಂದ ಮನೆಮಾತಾದವರು. ದಾರಿ ಬೇರೆ, ಹೆಸರು ಬೇರೆ. ಕೂರುವ ಚಾಪೆ ಮಾತ್ರ ಎಲ್ಲ ಮನೆಯಲ್ಲೂ ಇದೆ.

ಗಾಡಿ ಹೊಡೆದವರು, ಗುಮಾಸ್ತರು, ವ್ಯಾಪಾರಿ

"ಧ್ಯಾನ ಮಠದವರಿಗೆ, ಸನ್ಯಾಸಿಗಳಿಗೆ. ಸಂಸಾರಸ್ಥರಿಗೆ ಎಲ್ಲಿ ಆಗ್ತದ್ರಿ?" ಎಂದು ಬಹಳ ಜನ ಕೇಳುತ್ತಾರೆ. ಇದಕ್ಕೆ ಬರ್ಮಾ ದೇಶದ ಮೂವರು ಗೃಹಸ್ಥರ ಬದುಕೇ ಉತ್ತರ.

ಮೊದಲನೆಯವರು ಸಯಾ ತೆಟ್‌ಜಿ. ಹುಟ್ಟಿದ್ದು 1873ರಲ್ಲಿ, ಬಡವರ ಮನೆಯಲ್ಲಿ. ಹುಡುಗನಾಗಿದ್ದಾಗ ಎತ್ತಿನ ಗಾಡಿಯಲ್ಲಿ ಭತ್ತ ಸಾಗಿಸಿದರು. ಆಮೇಲೆ ಅಕ್ಕಿ ಗಿರಣಿಯಲ್ಲಿ ದುಡಿದರು. 1903ರಲ್ಲಿ ಕಾಲರಾ ಬಂದು ಅವರ ಮಗ ಮತ್ತು ಮಗಳು ಇಬ್ಬರೂ ತೀರಿಕೊಂಡರು. ಆ ದುಃಖ ತಡೆಯಲಾರದೆ, ಸಾವಿಲ್ಲದ ದಾರಿ ಯಾವುದೆಂದು ಊರೂರು ಅಲೆದು, ಕೊನೆಗೆ ಲೇಡಿ ಸಯಾಡೊ ಎಂಬ ಭಿಕ್ಷುಗಳ ಬಳಿ ಧ್ಯಾನ ಕಲಿತರು. ಮರಳಿ ತಮ್ಮ ಊರಿಗೇ ಬಂದರು, ಸುತ್ತಲಿನ ಜನರಿಗೂ ಅದನ್ನು ಕಲಿಸಿದರು.

ಎರಡನೆಯವರು ಅವರ ಶಿಷ್ಯ ಊ ಬಾ ಖಿನ್ (1899-1971). ಇವರು ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದವರು. 1937ರಲ್ಲಿ ಧ್ಯಾನ ಕಲಿತರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ದೇಶದ ಮಹಾಲೇಖಪಾಲರಾದರು. ನೌಕರಿ ಬಿಡಲಿಲ್ಲ, ಸಂಸಾರ ಬಿಡಲಿಲ್ಲ. ಕಚೇರಿಯ ಸಿಬ್ಬಂದಿಗೂ ಧ್ಯಾನ ಕಲಿಸಿದರು.

ಮೂರನೆಯವರು ಸತ್ಯನಾರಾಯಣ ಗೋಯೆಂಕಾ (1924-2013). ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ವಿಪರೀತ ಅರೆತಲೆನೋವು, ಔಷಧಿ ನಾಟುತ್ತಿರಲಿಲ್ಲ. ಊ ಬಾ ಖಿನ್ ಅವರ ಬಳಿ ಹೋದಾಗ, ತಲೆನೋವು ಕಳೆಯಲಿಕ್ಕಷ್ಟೇ ಬರುವುದಾದರೆ ಬೇಡ ಎಂದುಬಿಟ್ಟರು. ಮನಸ್ಸಿನ ಕೊಳೆ ತೊಳೆಯಲು ಬರುವುದಾದರೆ ಬರಬೇಕು, ತಲೆನೋವು ಹೋದರೆ ಅದು ಮೇಲಿನ ಲಾಭ. ಗೋಯೆಂಕಾ ಅವರು 1955ರಲ್ಲಿ ಕಲಿತರು, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಇಂದು ವಿಪಶ್ಯನಾ ಎಂಬ ಹೆಸರಿನಲ್ಲಿ ಊರೂರಿಗೆ ಬಂದಿರುವುದು ಇದೇ ಪದ್ಧತಿ.

ಗಾಡಿ ಹೊಡೆದವರು, ಗುಮಾಸ್ತರು, ವ್ಯಾಪಾರಿ. ಒಬ್ಬರೂ ಕಾವಿ ಉಡಲಿಲ್ಲ. ಕಬ್ಬಿಗೆ ನೀರು ಹಾಯಿಸುವವರಿಗೆ, ಬೀಡಿ ಕಟ್ಟುವ ತಾಯಂದಿರಿಗೆ, ಅಂಗಡಿ ನಡೆಸುವವರಿಗೆ ಇದು ಆಗದ ಮಾತಲ್ಲ.

ಅಭ್ಯಾಸ ಮಾಡುವ ಕ್ರಮ

ಮೊದಲ ಪಾಠದ ಹೆಸರು ಆನಾಪಾನ. ಒಳಗೆ ಬರುವ ಉಸಿರು, ಹೊರಗೆ ಹೋಗುವ ಉಸಿರು ಎಂದು ಅದರ ಅರ್ಥ. ಕ್ರಮ ಹೀಗಿದೆ.

1. ಹೊತ್ತು: ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೆ ಒಳ್ಳೆಯದು. ಅದು ಆಗದಿದ್ದರೆ ರಾತ್ರಿ ಮಲಗುವ ಮುಂಚೆ. ದಿನಾ ಅದೇ ಹೊತ್ತು ಇರಲಿ. ಮೊದಲ ವಾರ ಹತ್ತೇ ನಿಮಿಷ, ಅಂದರೆ ಅರ್ಧ ಗಳಿಗೆಗಿಂತ ಕಡಿಮೆ. ಹೊಟ್ಟೆ ತುಂಬ ಉಂಡು ಕೂಡಬಾರದು.

2. ಜಾಗ: ದೇವರ ಕೋಣೆಯೇ ಬೇಕೆಂದಿಲ್ಲ. ಪಡಸಾಲೆಯ ಮೂಲೆ ಸಾಕು. ಮೊಬೈಲು, ಟಿ.ವಿ. ಬಂದ್ ಇರಲಿ.

3. ಕೂರುವುದು: ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಿಂದಿನ ಭಾಗಕ್ಕೆ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಬೇಕು. ಮೊಣಕಾಲು ನೋವಿದ್ದವರು ಕುರ್ಚಿಯ ಮೇಲೆ ಕುಳಿತರೂ ತಪ್ಪಿಲ್ಲ. ಬೆನ್ನು ನೆಟ್ಟಗಿರಬೇಕು, ಆದರೆ ಸೆಟೆದಿರಬಾರದು. ಕಣ್ಣು ಮೆತ್ತಗೆ ಮುಚ್ಚಬೇಕು.

4. ಉಸಿರು: ಮೂಗಿನ ಹೊಳ್ಳೆಯ ಹತ್ತಿರ, ಮೇಲ್ದುಟಿಯ ಮೇಲೆ ಗಾಳಿ ತಾಕುವ ಜಾಗದಲ್ಲಿ ನಿಗಾ ಇಡಬೇಕು. ಉಸಿರನ್ನು ಎಳೆಯುವುದು, ಹಿಡಿಯುವುದು, ಬಿಗಿ ಮಾಡುವುದು ಬೇಡ. ಇದು ಪ್ರಾಣಾಯಾಮ ಅಲ್ಲ. ಉದ್ದ ಬಂದರೆ ಉದ್ದ, ಗಿಡ್ಡ ಬಂದರೆ ಗಿಡ್ಡ. ಬಾಗಿಲಲ್ಲಿ ಕುಳಿತ ಕಾವಲುಗಾರ ಹೋಗಿ ಬರುವವರನ್ನು ನೋಡುವಂತೆ ಸುಮ್ಮನೆ ನೋಡಬೇಕು.

5. ಎಣಿಕೆ: ಮನಸ್ಸು ಬಹಳ ಓಡಿದರೆ ಉಸಿರು ಎಣಿಸಬಹುದು. ಒಂದು ಸಲ ಬಂದು ಹೋದರೆ ಒಂದು. ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ಲೆಕ್ಕ ತಪ್ಪಿದರೆ ಒಂದರಿಂದ ಶುರು. ಈ ಎಣಿಕೆಯ ಉಪಾಯವನ್ನು ಬುದ್ಧಘೋಷ ಎಂಬ ಆಚಾರ್ಯರು 5ನೇ ಶತಮಾನದ ವಿಸುದ್ಧಿಮಗ್ಗ ಗ್ರಂಥದಲ್ಲಿ ಹೇಳಿದ್ದಾರೆ. ಮನಸ್ಸು ನೆಲೆಗೊಂಡ ಮೇಲೆ ಎಣಿಕೆ ಬಿಡಬೇಕು.

6. ಮರಳಿ ಬರುವುದು: ಮನಸ್ಸು ಹೊಲಕ್ಕೆ, ಸಾಲಕ್ಕೆ, ಸೊಸೆ ಆಡಿದ ಮಾತಿಗೆ ಹೋಗಿಯೇ ಹೋಗುತ್ತದೆ. ಹೋದದ್ದು ಗೊತ್ತಾದ ಕೂಡಲೆ ಬೈದುಕೊಳ್ಳದೆ ಮತ್ತೆ ಉಸಿರಿಗೆ ತರಬೇಕು. ನೂರು ಸಲ ಹೋದರೆ ನೂರು ಸಲ ತರಬೇಕು.

ಈ ಆರನೆಯದೇ ಧ್ಯಾನ. ಮನಸ್ಸು ಓಡದೆ ಇರುವುದೇ ಧ್ಯಾನ ಎಂದು ತಿಳಿದು ಬಹಳ ಜನ ಮೂರನೇ ದಿನಕ್ಕೆ ಕೈ ಬಿಡುತ್ತಾರೆ. ಓಡಿದ್ದು ಗೊತ್ತಾಗಿ ಮರಳಿ ಬರುವುದೇ ಅಭ್ಯಾಸ ಎಂಬುದನ್ನು ಮರೆಯಬಾರದು.

ಕರು ಮತ್ತು ಗೂಟ

ಇದಕ್ಕೆ ವಿಸುದ್ಧಿಮಗ್ಗದಲ್ಲೇ ಒಂದು ಒಳ್ಳೆಯ ಹೋಲಿಕೆ ಇದೆ. ತುಂಟ ಕರುವನ್ನು ಪಳಗಿಸಬೇಕಾದ ದನಗಾಹಿ ಅದನ್ನು ತಾಯಿಯಿಂದ ಬೇರೆ ಮಾಡಿ ಗಟ್ಟಿ ಗೂಟಕ್ಕೆ ಕಟ್ಟುತ್ತಾನೆ. ಕರು ಆ ಕಡೆ ಜಗ್ಗುತ್ತದೆ, ಈ ಕಡೆ ಜಗ್ಗುತ್ತದೆ. ಓಡಲು ಆಗದೆ ಕೊನೆಗೆ ಆ ಗೂಟದ ಬುಡಕ್ಕೇ ಬಂದು ಮಲಗುತ್ತದೆ. ಮನಸ್ಸು ಕರು, ಉಸಿರು ಗೂಟ, ನಿಗಾ ಎಂಬುದು ಹಗ್ಗ.

ಮನೆಯಲ್ಲಿ ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರು ಜಗ್ಗಿತು ಎಂದು ಯಾರೂ ಗೂಟ ಕಿತ್ತು ಎಸೆಯುವುದಿಲ್ಲ. ಬಡಿಗೆ ತೆಗೆದುಕೊಂಡು ಬಡಿಯುವುದೂ ಇಲ್ಲ. ಅದು ಜಗ್ಗುವ ವಯಸ್ಸು, ಜಗ್ಗಲಿ. ಹಗ್ಗ ಗಟ್ಟಿ ಇದ್ದರೆ ಸಾಕು.

ಐದು ಅಡ್ಡಿಗಳು

ಕುಳಿತಾಗ ಬರುವ ಅಡ್ಡಿಗಳನ್ನು ಬುದ್ಧ ಐದು ಎಂದು ಎಣಿಸಿದ್ದಾನೆ. ಪಾತ್ರೆಯ ನೀರಿನಲ್ಲಿ ಮುಖ ನೋಡಿಕೊಳ್ಳುವ ಹೋಲಿಕೆಯಿಂದ ಅವನ್ನು ತಿಳಿಸಿದ್ದಾನೆ.

ಆಸೆ ಎಂಬುದು ನೀರಿಗೆ ಬಣ್ಣ ಕಲಸಿದಂತೆ. ಸಿಟ್ಟು ಎಂಬುದು ಕುದಿಯುವ ನೀರು. ಜಡತನ, ತೂಕಡಿಕೆ ಎಂಬುದು ಪಾಚಿಗಟ್ಟಿದ ನೀರು. ಚಡಪಡಿಕೆ, ಪಶ್ಚಾತ್ತಾಪ ಎಂಬುದು ಗಾಳಿಗೆ ತೆರೆ ಎದ್ದ ನೀರು. ಸಂಶಯ ಎಂಬುದು ಕತ್ತಲಲ್ಲಿಟ್ಟ ರಾಡಿ ನೀರು. ಈ ಐದರಲ್ಲಿ ಯಾವುದಿದ್ದರೂ ನೀರಿನಲ್ಲಿ ತನ್ನ ಮುಖ ತನಗೆ ಕಾಣುವುದಿಲ್ಲ.

ಮಳೆಗಾಲದ ಹೊಳೆ ನೀರನ್ನು ಹಂಡೆಯಲ್ಲಿ ತುಂಬಿಟ್ಟು ಅದಕ್ಕೆ ಕೈ ಹಾಕಿ ಕಲಕಿದರೆ ಅದು ತಿಳಿಯಾಗುವುದಿಲ್ಲ. ಸುಮ್ಮನೆ ಬಿಟ್ಟರೆ ರಾಡಿ ತಾನೇ ತಳ ಹಿಡಿಯುತ್ತದೆ. ಕುಳಿತಾಗ ಸಿಟ್ಟು ಬಂದರೆ "ಇದು ಸಿಟ್ಟು", ತೂಕಡಿಕೆ ಬಂದರೆ "ಇದು ತೂಕಡಿಕೆ" ಎಂದು ಗುರುತಿಸಿ ಉಸಿರಿಗೆ ಮರಳಬೇಕು. ಅದರೊಂದಿಗೆ ಜಗಳಕ್ಕೆ ನಿಲ್ಲಬಾರದು.

ಮೆಟ್ಟಿಲು ಹತ್ತುವಾಗ

ಕೂರಲು ಆಗದವರಿಗೆ ನಡಿಗೆಯೂ ಧ್ಯಾನವೇ. ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಅರಿವು ಇರಲಿ ಎಂದು ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಹೇಳುತ್ತಾನೆ. ಬೆಟ್ಟದ ಮೆಟ್ಟಿಲು ಇಳಿಯುವಾಗಲೇ ಇದನ್ನು ಮಾಡಿ ನೋಡಬಹುದು. ಒಂದು ಕಾಲು ಎತ್ತುವುದು, ಮುಂದೆ ಇಡುವುದು, ಭಾರ ಊರುವುದು. ಇಷ್ಟನ್ನೇ ಗಮನಿಸುತ್ತ ಇಪ್ಪತ್ತು ಮೆಟ್ಟಿಲು ಇಳಿದರೆ ಸಾಕು. ಊರಲ್ಲಿ ರಾತ್ರಿ ಪಾಳಿಯ ಕರೆಂಟಿಗೆ ಮೋಟಾರು ಚಾಲೂ ಮಾಡಲು ಹೋಗುವಾಗ, ಹೊಲದ ದಾರಿಯಲ್ಲಿ ಬ್ಯಾಟರಿ ಹಿಡಿದು ನಡೆಯುವಾಗಲೂ ಇದು ಬರುತ್ತದೆ.

ಆದರೆ ಅತಿ ಬೇಡ. ಸೋಣ ಎಂಬ ಶ್ರೀಮಂತರ ಮನೆಯ ಯುವಕ ಭಿಕ್ಷುವಾಗಿ, ಬರಿಗಾಲಲ್ಲಿ ಹಗಲು ರಾತ್ರಿ ನಡೆದು ಧ್ಯಾನ ಮಾಡಿ ಅಂಗಾಲಲ್ಲಿ ರಕ್ತ ಬರಿಸಿಕೊಂಡ. ಫಲ ಕಾಣದೆ ಮನೆಗೆ ಮರಳುವ ಯೋಚನೆ ಮಾಡಿದ. ಮೊದಲು ವೀಣೆ ನುಡಿಸುತ್ತಿದ್ದವ ಅವನು. ತಂತಿ ಬಹಳ ಬಿಗಿದರೂ ನಾದ ಬರುವುದಿಲ್ಲ, ಸಡಿಲ ಬಿಟ್ಟರೂ ಬರುವುದಿಲ್ಲ ಎಂಬುದನ್ನು ಬುದ್ಧ ಅವನ ಬಾಯಿಂದಲೇ ಹೇಳಿಸಿದ. ಭಜನೆಗೆ ಏಕತಾರಿ ಹಿಡಿಯುವವರಿಗೆ ಈ ಮಾತು ಚೆನ್ನಾಗಿ ತಿಳಿಯುತ್ತದೆ.

ಮೈತ್ರಿ ಭಾವನೆ

ಕುಳಿತ ಹತ್ತು ನಿಮಿಷದಲ್ಲಿ ಕೊನೆಯ ಎರಡು ನಿಮಿಷ ಮೈತ್ರಿಗೆ ಇಡಬೇಕು. ಮೊದಲು "ನಾನು ಸುಖವಾಗಿರಲಿ, ವೈರ ಇಲ್ಲದೆ ಇರಲಿ" ಎಂದು ತನಗೆ. ಆಮೇಲೆ ಮನೆಯವರಿಗೆ, ಓಣಿಯವರಿಗೆ, ದನಕರುಗಳಿಗೆ. ಕಟ್ಟಕಡೆಗೆ ಮನಸ್ಸಿಗೆ ಆಗದವರಿಗೆ.

ಕೊನೆಯದು ಕಷ್ಟ. ಬದುವಿನ ಸಲುವಾಗಿ ಕೋರ್ಟಿನಲ್ಲಿ ನಿಂತ ದಾಯಾದಿಗೆ "ಸುಖವಾಗಿರಲಿ" ಎನ್ನಲು ಬಾಯಿ ಬರುವುದಿಲ್ಲ. ಬರದಿದ್ದರೆ ಬೇಡ, ಬರುವವರೆಗೆ ಕಾಯಬೇಕು. ಮೊದಲು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕುಳಿತ ಅಪರಿಚಿತನಿಂದ ಶುರು ಮಾಡಬಹುದು.

ಯಾತ್ರಿಕರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಕಣ್ಣು ಮುಚ್ಚಿದ ಕೂಡ್ಲೆ ನಿದ್ದಿ ಬರ್ತದ್ರಿ. ಏನ್ ಮಾಡೂದು?
ಉತ್ತರ: ದುಡಿದ ಶರೀರಕ್ಕೆ ನಿದ್ದೆ ಬರುವುದು ಸಹಜ. ಮುಖಕ್ಕೆ ನೀರು ಹಾಕಿಕೊಂಡು, ಕಣ್ಣು ಅರೆ ತೆರೆದು ಕೂರಬೇಕು, ಇಲ್ಲವೇ ಎದ್ದು ನಡೆಯಬೇಕು. ಆದರೂ ಬಂದರೆ ಮಲಗಬೇಕು. ನಿದ್ದೆ ಬಾಕಿ ಇದ್ದವರಿಗೆ ಮೊದಲು ಬೇಕಾದದ್ದು ನಿದ್ದೆ.

ಪ್ರಶ್ನೆ: ಮಂತ್ರ ಯಾವುದು ಹೇಳಬೇಕು?
ಉತ್ತರ: ಆನಾಪಾನದಲ್ಲಿ ಮಂತ್ರ ಇಲ್ಲ, ಮೂರ್ತಿ ಇಲ್ಲ. ಉಸಿರೊಂದೇ. ದಿನದ ಜಪ, ಲಿಂಗಪೂಜೆ, ಸಾಮಾಯಿಕ, ನಮಾಜು ಇದ್ದವರು ಅದನ್ನು ಅದರ ಹೊತ್ತಿಗೆ ಮಾಡಿಕೊಂಡು ಇದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಬೆಳಕು ಕಂಡಿತು, ಮೈ ಹಗುರಾಯಿತು. ಸಿದ್ಧಿ ಬಂತೇನ್ರಿ?
ಉತ್ತರ: ಇಲ್ಲ. ದಾರಿಯಲ್ಲಿ ಕಂಡ ಗಿಡ ಮರ ಅದು. ನೋಡಿ ಮುಂದೆ ನಡೆಯಬೇಕು.

ಪ್ರಶ್ನೆ: ಲಾಭ ಆಗ್ತದೆ ಅನ್ನೋದಕ್ಕೆ ಪುರಾವೆ ಏನು?
ಉತ್ತರ: 2014ರಲ್ಲಿ ಅಮೆರಿಕದ ವೈದ್ಯರು 47 ಪ್ರಯೋಗಗಳನ್ನು, ಅವುಗಳಲ್ಲಿದ್ದ 3515 ಜನರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಧ್ಯಾನದಿಂದ ಸಾಧಾರಣ ಮಟ್ಟದ ಉಪಯೋಗ ಕಂಡಿತು. ಔಷಧಿಗಿಂತ, ವ್ಯಾಯಾಮಕ್ಕಿಂತ ಇದು ಮೇಲು ಎಂದು ಮಾತ್ರ ಸಿದ್ಧವಾಗಲಿಲ್ಲ. ಆದ್ದರಿಂದ ಬಿ.ಪಿ., ಶುಗರ್ ಗುಳಿಗೆ ಬಿಟ್ಟು ಧ್ಯಾನಕ್ಕೆ ಕೂರುವುದು ತಪ್ಪು.

ಪ್ರಶ್ನೆ: ಸುಧಾರಣೆ ಆಗ್ಯದ ಅಂತ ಹೆಂಗ ಗೊತ್ತಾಗ್ತದ್ರಿ?
ಉತ್ತರ: ಕುಳಿತಾಗ ಎಷ್ಟು ಆನಂದ ಆಯಿತು ಎಂಬುದರಿಂದ ಗೊತ್ತಾಗುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ತಾಟು ದೂಡುವ ಮುನ್ನ ಒಂದು ಉಸಿರಿನಷ್ಟು ತಡ ಆಯಿತೇ? ಹಾಗಾದರೆ ಸುಧಾರಣೆ ಆಗಿದೆ. ಇದನ್ನು ಮನೆಯವರನ್ನು ಕೇಳಬೇಕು, ತನ್ನನ್ನು ತಾನು ಕೇಳಿಕೊಳ್ಳಬಾರದು.

ಎರಡನೆಯ ಬಾಣ

"ಸುಖ ಎಂದರೆ ಕಷ್ಟವೇ ಬರದಿರುವುದೋ?" ಎಂಬ ಮಾತಿಗೆ ಬುದ್ಧ ಕೊಟ್ಟ ಉತ್ತರ ಎಲ್ಲರೂ ನೆನಪಿಡುವಂಥದ್ದು. ಒಬ್ಬನಿಗೆ ಬಾಣ ತಾಗಿತು. ನೋವಾಯಿತು. ಅಷ್ಟರಲ್ಲಿ ಎರಡನೆಯ ಬಾಣವೂ ತಾಗಿತು. ಮೊದಲ ಬಾಣ ಬಂದ ಕಷ್ಟ. ಎರಡನೆಯದು ಅದನ್ನು ನೆನೆನೆನೆದು ಮನಸ್ಸು ಪಡುವ ಕಷ್ಟ. ಅರಿತವನಿಗೂ ಮೊದಲನೆಯದು ತಪ್ಪುವುದಿಲ್ಲ. ಎರಡನೆಯದು ತಾಗುವುದಿಲ್ಲ.

2005, 2019, 2021ರಲ್ಲಿ ಕೃಷ್ಣಾ ನದಿಗೆ, ಅದರ ಉಪನದಿಗಳಿಗೆ ಮಹಾಪೂರ ಬಂದಾಗ ಈ ತಾಲೂಕುಗಳ ನದಿ ದಂಡೆಯ ಊರುಗಳು ಏನು ಅನುಭವಿಸಿದವು ಎಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ಮನೆ ಬಿದ್ದದ್ದು, ಕಬ್ಬು ಕೊಳೆತದ್ದು ಮೊದಲ ಬಾಣ. ಅದನ್ನು ಧ್ಯಾನ ತಡೆಯುವುದಿಲ್ಲ. ಸಾಲ ತೀರಿಸುವುದಿಲ್ಲ. ಕಾರ್ಖಾನೆಯಿಂದ ಬಿಲ್ಲು ತಂದುಕೊಡುವುದಿಲ್ಲ. ಆದರೆ ವರುಷಗಳಾದರೂ ಮೋಡ ಕಟ್ಟಿದ ಕೂಡಲೆ ಎದೆ ಢವಢವ ಅನ್ನುವುದು, ರಾತ್ರಿ ಎರಡು ಗಂಟೆಗೆ ಎಚ್ಚರಾಗಿ ಅದೇ ಲೆಕ್ಕ ಮತ್ತೆ ಮತ್ತೆ ಹಾಕುವುದು ಎರಡನೆಯ ಬಾಣ. ಆಗ ಎದ್ದು ಕುಳಿತು ಹತ್ತು ಉಸಿರು ಎಣಿಸಿದರೆ, ಮುಂಜಾನೆ ಬ್ಯಾಂಕಿಗೆ ಹೋಗಿ ಮಾತಾಡುವ ತಲೆ ಉಳಿಯುತ್ತದೆ. ಧ್ಯಾನದ ಸುಖ ಅಷ್ಟೇ ದೊಡ್ಡದು, ಅಷ್ಟೇ ಸಣ್ಣದು.

ಚಪ್ಪಲಿ ಮತ್ತು ಮುಳ್ಳು

ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ದೂರ ದೂರ ಹೋಗುತ್ತದೆ. ಆ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. ಚಪ್ಪಲಿಯ ವಿಷಯ ಇಲ್ಲೇಕೆ ಎಂದರೆ, ನಾಲಂದಾದಲ್ಲಿದ್ದ ಶಾಂತಿದೇವ ಎಂಬ ಬೌದ್ಧ ಆಚಾರ್ಯರು ಸುಮಾರು 8ನೇ ಶತಮಾನದಲ್ಲಿ ಬೋಧಿಚರ್ಯಾವತಾರ ಗ್ರಂಥದಲ್ಲಿ ಒಂದು ಮಾತು ಹೇಳಿದ್ದಾರೆ. ಭೂಮಿಗೆಲ್ಲ ಚರ್ಮ ಹೊದಿಸಲು ಯಾರಿಂದಲೂ ಆಗದು, ಕಾಲಿಗೆ ಚಪ್ಪಲಿ ಮೆಟ್ಟಿದರೆ ಭೂಮಿಗೆಲ್ಲ ಹೊದಿಸಿದಂತೆಯೇ ಎಂಬುದು ಅದರ ಸಾರ. ಜಗತ್ತನ್ನೆಲ್ಲ ತಿದ್ದಲು ಆಗದಿದ್ದರೂ ಮನಸ್ಸನ್ನು ತಿದ್ದಿಕೊಳ್ಳಬಹುದು.

ಮಾತು ಸರಿ. ಆದರೆ ಇದನ್ನು ಅರ್ಧಕ್ಕೆ ಹಿಡಿಯಬಾರದು. ಅನ್ಯಾಯಕ್ಕೆ ಒಳಗಾದವರಿಗೆ "ನಿಮ್ಮ ಮನಸ್ಸನ್ನೇ ಶಾಂತ ಮಾಡಿಕೊಳ್ರಿ" ಎಂದು ಬುದ್ಧಿ ಹೇಳಿ ಸುಮ್ಮನಾಗಿಸುವುದು ಧ್ಯಾನ ಅಲ್ಲ. ದಾರಿಯಲ್ಲಿ ಬೇಕೆಂದೇ ಮುಳ್ಳು ಹಾಸಿದ್ದರೆ ಅದನ್ನು ತೆಗೆಯಲೇಬೇಕು. ಕೆರೆಯ ನೀರು, ಶಾಲೆ, ಗುಡಿ ಎಲ್ಲರಿಗೂ ಒಂದೇ ಆಗಬೇಕು. ನಿಪ್ಪಾಣಿಗೆ ಬಂದಾಗಲೂ, ನಾಗಪುರಕ್ಕೆ ಹೋದಾಗಲೂ ಬಾಬಾಸಾಹೇಬರ ಕೆಲಸ ಮುಳ್ಳು ತೆಗೆಯುವುದೇ ಆಗಿತ್ತು. ಅವರ ಕೊನೆಯ ಗ್ರಂಥ 'ಬುದ್ಧ ಮತ್ತು ಆತನ ಧಮ್ಮ' ಅವರ ನಿಧನದ ಬಳಿಕ 1957ರಲ್ಲಿ ಬೆಳಕು ಕಂಡಿತು. ಅದರಲ್ಲಿ ಪ್ರಜ್ಞೆ, ಶೀಲ, ಕರುಣೆಗಳ ಜೊತೆಗೆ ಮೈತ್ರಿಯೂ ಬೇಕೇ ಬೇಕು ಎಂದು ಅವರು ವಾದಿಸುತ್ತಾರೆ.

ಎರಡೂ ಕೂಡಿದರೇ ಪೂರ್ತಿ ಪಾಠ. ಬರಿಗಾಲಿನವ ಮುಳ್ಳಿನ ದಾರಿಗೆ ಇಳಿದರೆ ಎರಡು ಹೆಜ್ಜೆಗೆ ಕುಳಿತುಬಿಡುತ್ತಾನೆ. ಚಪ್ಪಲಿ ಮೆಟ್ಟಿದವ ಕೊನೆಯವರೆಗೆ ನಡೆದು ಮುಳ್ಳು ತೆಗೆಯುತ್ತಾನೆ. ಧ್ಯಾನ ಎಂಬ ಚಪ್ಪಲಿ ಮನೆಯಲ್ಲಿ ಕುಳಿತಿರಲಿಕ್ಕಲ್ಲ, ನಡೆಯಲಿಕ್ಕೆ.

ಎಚ್ಚರಿಕೆಯ ಮಾತು

ಬಹಳ ದಿನದಿಂದ ನಿದ್ದೆ ಇಲ್ಲದವರು, ಅಳು ತಡೆಯಲಾರದವರು, ಜೀವ ಬೇಡ ಎನ್ನಿಸುವವರು ಒಬ್ಬರೇ ಕಣ್ಣು ಮುಚ್ಚಿ ಕೂರುವ ಮೊದಲು ಡಾಕ್ಟರರನ್ನು ಕಾಣಬೇಕು. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಾಲು ಮುರಿದರೆ ಪಟ್ಟಿ ಕಟ್ಟಿಸಿದಂತೆಯೇ ಇದೂ.

ಹೆಚ್ಚು ಕಲಿಯಬೇಕೆನ್ನುವವರಿಗೆ

ಮನೆಯಲ್ಲಿ ಕೆಲವು ತಿಂಗಳು ಅಭ್ಯಾಸವಾದ ಮೇಲೆ ಗುರುಗಳ ಬಳಿ ಕಲಿಯುವುದು ಒಳ್ಳೆಯದು. ಗೋಯೆಂಕಾ ಅವರ ಪದ್ಧತಿಯ ಹತ್ತು ದಿನದ ಶಿಬಿರ ಈ ಭಾಗದವರಿಗೆ ದೂರ ಇಲ್ಲ. ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನಲ್ಲಿ, ರಾಮಲಿಂಗ ರಸ್ತೆಯಲ್ಲಿ ಧಮ್ಮಾಲಯ ಎಂಬ ಕೇಂದ್ರವಿದೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಕಡೆಯವರು ರೈಲಿನಲ್ಲಿ ಮೀರಜಿಗೆ ಹೋಗಿ, ಅಲ್ಲಿಂದ ಕೊಲ್ಹಾಪುರದ ಗಾಡಿ ಹಿಡಿದು ಹಾತಕಣಂಗಲೆಯಲ್ಲಿ ಇಳಿಯಬಹುದು. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಇಚಲಕರಂಜಿ ದಾರಿ ಇದೆ. ಬೆಂಗಳೂರಿನ ಹತ್ತಿರ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ.

ಶಿಬಿರದ ಕಟ್ಟಳೆ ಮೊದಲೇ ತಿಳಿದಿರಲಿ. ಮುಂಚಿತವಾಗಿ ಅರ್ಜಿ ಹಾಕಬೇಕು. ನಸುಕಿನ ನಾಲ್ಕಕ್ಕೆ ಏಳಬೇಕು. ಮಾತಿಲ್ಲ, ಮೊಬೈಲು ಇಲ್ಲ, ಬೀಡಿ ತಂಬಾಕು ಇಲ್ಲ. ಮೊದಲ ಮೂರು ದಿನ ಇಲ್ಲಿ ಹೇಳಿದ ಆನಾಪಾನವೇ. ಊಟ ವಸತಿಗೆ ಹಣ ತೆಗೆದುಕೊಳ್ಳುವುದಿಲ್ಲ. ಶಿಬಿರ ಪೂರ್ಣ ಮಾಡಿದವರು ಇಷ್ಟವಿದ್ದರೆ ಮುಂದಿನವರಿಗಾಗಿ ದಾನ ಕೊಡಬಹುದು.

ಸಂಕಲ್ಪ

ಬೆಟ್ಟಕ್ಕೆ ಬಂದವರು ಒಂದಿಲ್ಲೊಂದು ಸಂಕಲ್ಪ ಮಾಡಿ ಹೋಗುವುದು ವಾಡಿಕೆ. ಈ ಸಲ 21 ದಿನದ ಸಂಕಲ್ಪ ಮಾಡಬಹುದು. ಮೊದಲ ವಾರ ಹತ್ತು ನಿಮಿಷ ಉಸಿರು, ಅದರಲ್ಲೇ ಎರಡು ನಿಮಿಷ ಮೈತ್ರಿ. ಎರಡನೇ ವಾರ ಹದಿನೈದು ನಿಮಿಷ. ಮೂರನೇ ವಾರ ಇಪ್ಪತ್ತು. ಜೊತೆಗೆ ಬುದ್ಧ ಗೃಹಸ್ಥರಿಗೆ ಹೇಳಿದ ಪಂಚಶೀಲ: ಜೀವ ಹಿಂಸೆ ಬೇಡ, ಕಳವು ಬೇಡ, ವ್ಯಭಿಚಾರ ಬೇಡ, ಸುಳ್ಳು ಬೇಡ, ಅಮಲು ಬೇಡ. ಹಗಲೆಲ್ಲ ಸುಳ್ಳು ಹೇಳಿ ರಾತ್ರಿ ಕಣ್ಣು ಮುಚ್ಚಿದರೆ ಉಸಿರು ಕಾಣುವುದಿಲ್ಲ, ಸುಳ್ಳೇ ಕಾಣುತ್ತದೆ.

ನಡುವೆ ಒಂದು ದಿನ ತಪ್ಪಿದರೆ ಸಂಕಲ್ಪ ಕೆಟ್ಟಿತು ಎಂದು ಬಿಡಬಾರದು. ಮರುದಿನ ಮತ್ತೆ ಕೂರಬೇಕು. ಮನಸ್ಸು ಉಸಿರಿಗೆ ಮರಳಿದಂತೆಯೇ ಮನುಷ್ಯ ಚಾಪೆಗೆ ಮರಳಬೇಕು.

ಎಲ್ಲ ಯಾತ್ರಿಕರ ಮನೆಯಲ್ಲೂ ಶಾಂತಿ ನೆಲೆಸಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.